ನಾಲ್ಕು ವರ್ಷದ ಮೇಷ್ಟರು

1965ರ ಬೇಸಿಗೆಯಲ್ಲಿ ನಾನು ಪಿ.ಯು.ಸಿ. ಮುಗಿಸಿ ಊರಿನಲ್ಲಿದ್ದೆ. ವಾಚನಾಲಯಕ್ಕೆ ಬರುತ್ತಿದ್ದ ಪತ್ರಿಕೆಯೊಂದರಲ್ಲಿ ಮೈಸೂರಿನ ರೀಜನಲ್ ಕಾಲೇಜ್ ಆಫ್ ಎಜುಕೇಷನ್ನಿನ ಪ್ರಕಟಣೆ ಕಣ್ಣಿಗೆ ಬಿತ್ತು. ವಿಜ್ಞಾನದ ಪದವಿ ಮತ್ತು ಶಿಕ್ಷಕ ತರಬೇತಿ ಎರಡೂ ಸೇರಿ ನಾಲ್ಕು ವರ್ಷ, ವಿದ್ಯಾರ್ಥಿವೇತನವೂ ಉಂಟು. ನಾನು ಉತ್ಸಾಹದಿಂದ ತಂದೆಯವರಿಗೆ ಹೇಳಿದೆ. ಅವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವರು ತಲೆಯೆತ್ತದೆಯೇ, "ಮೇಷ್ಟರಾಗುವುದಕ್ಕೆ ನಾಲ್ಕು ವರ್ಷ ಬೇಕೇನೋ? ಮೊದಲು ಬಿ.ಎಸ್ಸಿ. ಮಾಡು. ಬೇರೇನೂ ಸಿಗದಿದ್ದರೆ ಆ ಒಂದು ವರ್ಷದ್ದು ಇದ್ದೇ ಇದೆ" ಎಂದರು. ಮಾತು ಅಲ್ಲಿಗೆ ಮುಗಿಯಿತು.

"ಬೇರೇನೂ ಸಿಗದಿದ್ದರೆ" ಎಂಬ ಮಾತು ನಮ್ಮ ತಂದೆಯವರೊಬ್ಬರದೇ ಆಗಿರಲಿಲ್ಲ. ಪ್ರೌಢಶಾಲಾ ಶಿಕ್ಷಕರನ್ನು ಸಿದ್ಧಪಡಿಸುವ ನಮ್ಮ ಪದ್ಧತಿಯೇ ಆ ಮಾತಿನ ಮೇಲೆ ನಿಂತಿತ್ತು. ಮದರಾಸಿನಲ್ಲಿ 1856ರಲ್ಲಿ ಸರ್ಕಾರಿ ನಾರ್ಮಲ್ ಸ್ಕೂಲಾಗಿ ಆರಂಭವಾದದ್ದು ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಗಿ ಹೆಸರಾಯಿತು. ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯಕ್ಕೆ ಸೇರಿದ್ದರಿಂದ ನಮ್ಮವರೂ ಎಲ್.ಟಿ. ಪದವಿಗಾಗಿ ಅಲ್ಲಿಗೆ ಹೋಗುತ್ತಿದ್ದರು. ಎಲ್.ಟಿ., ಬಿ.ಟಿ., ಆಮೇಲೆ ಬಿ.ಎಡ್. ಎಂದು ಹೆಸರು ಬದಲಾಯಿತೇ ಹೊರತು ಕ್ರಮ ಬದಲಾಗಲಿಲ್ಲ. ಮೊದಲು ವಿಷಯವನ್ನು ಕಲಿಯುವುದು. ಕಲಿತು ಮುಗಿಸಿ, ಅರ್ಧ ಮರೆತ ಮೇಲೆ, ಬೇರೊಂದು ಕಟ್ಟಡಕ್ಕೆ ಹೋಗಿ ಬೋಧಿಸುವುದನ್ನು ಒಂದು ವರ್ಷದಲ್ಲಿ ಕಲಿಯುವುದು.

ಈ ಕ್ರಮವನ್ನು ಪ್ರಶ್ನಿಸುವ ಸಂದರ್ಭ ಒದಗಿದ್ದು ಸ್ವಾತಂತ್ರ್ಯಾನಂತರ. 1952ರಲ್ಲಿ ನೇಮಕವಾದ ಲಕ್ಷ್ಮಣಸ್ವಾಮಿ ಮುದಲಿಯಾರ್ ಅವರ ಮಾಧ್ಯಮಿಕ ಶಿಕ್ಷಣ ಆಯೋಗವು ಮರುವರ್ಷವೇ ವರದಿ ಕೊಟ್ಟು, ವಿವಿಧೋದ್ದೇಶ ಪ್ರೌಢಶಾಲೆಗಳನ್ನು ತೆರೆಯಬೇಕೆಂದು ಸಲಹೆ ಮಾಡಿತು. ವಿಜ್ಞಾನದ ಜೊತೆಗೆ ತಾಂತ್ರಿಕ ವಿಷಯ, ವಾಣಿಜ್ಯ, ಕೃಷಿಗಳೂ ಅಲ್ಲಿರಬೇಕಾಗಿತ್ತು. ಶಾಲೆಗಳೇನೋ ತೆರೆದವು. ಆದರೆ ಲೇತ್ ಯಂತ್ರವನ್ನೂ ಬಲ್ಲ, ಹದಿನಾಲ್ಕರ ಹುಡುಗನನ್ನೂ ಬಲ್ಲ ಮೇಷ್ಟರು ಎಲ್ಲಿಂದ ಬರಬೇಕು? 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನಾ ಮತ್ತು ತರಬೇತಿ ಪರಿಷತ್ತು ಈ ಪ್ರಶ್ನೆಗೆ ಉತ್ತರವಾಗಿ 1963ರಲ್ಲಿ ಅಜ್ಮೀರ, ಭೋಪಾಲ, ಭುವನೇಶ್ವರ, ಮೈಸೂರುಗಳಲ್ಲಿ ನಾಲ್ಕು ಪ್ರಾದೇಶಿಕ ಕಾಲೇಜುಗಳನ್ನು ತೆರೆಯಿತು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದ ತಜ್ಞರು ನೆರವಿಗೆ ಬಂದರು. ಪದವಿಯ ವಿದ್ಯಾರ್ಥಿಯಾಗಿರುವಾಗಲೇ ಶಿಕ್ಷಕನನ್ನು ರೂಪಿಸುವುದು ಅವರ ದೇಶದಲ್ಲಿ ರೂಢಿಯಲ್ಲಿದ್ದ ಕ್ರಮ. ನಮ್ಮಲ್ಲಿ ಕುರುಕ್ಷೇತ್ರದಲ್ಲಿ 1960ರಲ್ಲಿಯೇ ಇಂಥ ನಾಲ್ಕು ವರ್ಷದ ವ್ಯಾಸಂಗ ಆರಂಭವಾಗಿತ್ತು.

ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿ ಮೈಸೂರಿನ ಕಾಲೇಜು. ಮಾನಸಗಂಗೋತ್ರಿಯ ಪಕ್ಕದಲ್ಲಿ ಅದರ ಆವರಣ. ಮೈಸೂರು ವಿಶ್ವವಿದ್ಯಾನಿಲಯದ ಪದವಿ. ಅದೇ ಆವರಣದಲ್ಲಿ ಒಂದು ಪ್ರಾತ್ಯಕ್ಷಿಕೆ ಶಾಲೆಯಿತ್ತು. ನನ್ನ ದೃಷ್ಟಿಯಲ್ಲಿ ಆ ಕಾಲೇಜಿನ ಜೀವವಿದ್ದದ್ದು ಅಲ್ಲಿ. ಬೆಳಿಗ್ಗೆ ಭೌತವಿಜ್ಞಾನದ ಉಪನ್ಯಾಸ ಕೇಳಿದವರು ನಾಲ್ಕು ಹೆಜ್ಜೆ ನಡೆದರೆ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳ ಮುಖ ನೋಡಬಹುದಾಗಿತ್ತು. ಮುಂದಿನ ವರ್ಷಗಳಲ್ಲಿ ವಾರಗಟ್ಟಲೆ ಹೊರಗಿನ ಶಾಲೆಗಳಲ್ಲಿ ನಿಂತು ಪೂರ್ಣಾವಧಿಯ ಶಿಕ್ಷಕರಂತೆ ಕೆಲಸ ಮಾಡಬೇಕಿತ್ತು. ಅದನ್ನು ಅವರು ಇಂಟರ್ನ್‌ಶಿಪ್ ಎನ್ನುತ್ತಿದ್ದರು.

ನನ್ನ ತರಬೇತಿಯ ಕಥೆಯನ್ನೂ ಹೇಳಬೇಕು. 1969ರಲ್ಲಿ ಬಿ.ಎಸ್ಸಿ. ಮುಗಿಸಿ, ತಂದೆಯವರ ಮಾತಿನಂತೆಯೇ ಬೇರೇನೂ ಸಿಗದೆ, ಒಂದು ಬಿ.ಎಡ್. ಕಾಲೇಜಿಗೆ ಸೇರಿದೆ. ಹೆಸರು ಬೇಡ. ಹರ್ಬಾರ್ಟನ ಸೋಪಾನಗಳ ಪ್ರಕಾರ ಪಾಠಯೋಜನೆ ಬರೆಯಬೇಕು. ಹಿಂದಿನ ವರ್ಷದವರ ಪುಸ್ತಕ ಕೈಯಿಂದ ಕೈಗೆ ಬರುತ್ತಿತ್ತು. ಅದನ್ನೇ ನಕಲು ಮಾಡುತ್ತಿದ್ದೆವು. ನನ್ನ ಪಾಲಿಗೆ ಇಪ್ಪತ್ತು ಅಭ್ಯಾಸ ಪಾಠಗಳು. ಅವುಗಳಲ್ಲಿ ಮೇಲ್ವಿಚಾರಕರು ಪೂರ್ತಿಯಾಗಿ ಕುಳಿತು ನೋಡಿದ್ದು ಮೂರನ್ನು. ಹುಡುಗರಿಗೂ ಗುಟ್ಟು ಗೊತ್ತಿತ್ತು. ಹಿಂದೆ ಯಾರಾದರೂ ಬಂದು ಕುಳಿತರೆ ತಾವಾಗಿಯೇ ಕೈಯೆತ್ತಿ ನಮ್ಮ ಮಾನ ಉಳಿಸುತ್ತಿದ್ದರು! ತರಬೇತಿ ಕಾಲೇಜುಗಳು ವಿಶ್ವವಿದ್ಯಾನಿಲಯದಿಂದಲೂ ಶಾಲೆಗಳಿಂದಲೂ ದೂರವಾಗಿ ನಿಂತಿವೆಯೆಂದು ಕೊಠಾರಿ ಆಯೋಗ 1966ರ ವರದಿಯಲ್ಲಿಯೇ ಹೇಳಿತ್ತು. ನಾನು ಆ ವರದಿಯ ಬಗ್ಗೆ ಪರೀಕ್ಷೆಯಲ್ಲಿ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದೆ.

1974ರಲ್ಲಿ ನಮ್ಮ ಪ್ರೌಢಶಾಲೆಗೆ ಮೈಸೂರಿನ ನಾಲ್ಕು ವರ್ಷದ ವ್ಯಾಸಂಗ ಮುಗಿಸಿದ ತರುಣರೊಬ್ಬರು ಬಂದರು. ನನಗಿಂತ ಐದಾರು ವರ್ಷ ಚಿಕ್ಕವರು. ಒಂದು ದಿನ ಪಕ್ಕದ ತರಗತಿಯಿಂದ ಗದ್ದಲ ಕೇಳಿಸಿತು. ಹೋಗಿ ನೋಡಿದರೆ ಮೇಜಿನ ಮೇಲೆ ನೀರು ತುಂಬಿದ ಬಕೆಟ್ಟು, ಕೈಯಲ್ಲೊಂದು ಕಬ್ಬಿಣದ ಮೊಳೆ, ಶಾಲೆಯ ಜವಾನನ ಮನೆಯಿಂದ ತಂದ ಸಣ್ಣದೊಂದು ಕಬ್ಬಿಣದ ಬಾಣಲೆ. ಮೊಳೆ ಮುಳುಗಿತ್ತು, ಬಾಣಲೆ ತೇಲುತ್ತಿತ್ತು. "ಭಾರವಾದದ್ದು ಮುಳುಗುತ್ತದೆ ಎಂದಿರಲ್ಲ, ಈಗೇನು ಹೇಳುತ್ತೀರಿ?" ಎಂದು ಅವರು ಕೇಳುತ್ತಿದ್ದರೆ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ವಾದಿಸುತ್ತಿದ್ದರು. ಅದೇ ಆರ್ಕಿಮಿಡೀಸನ ತತ್ವವನ್ನು ನಾನು ನಾಲ್ಕು ವರ್ಷ ಉಕ್ತಲೇಖನ ಮಾಡಿಸಿದ್ದೆ.

ಸಂಜೆ ಅವರನ್ನು ಕೇಳಿದೆ. "ಸಾರ್, ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಇದನ್ನು ಓದುತ್ತಿದ್ದ ವರ್ಷವೇ, ಮಕ್ಕಳು ಎಲ್ಲಿ ತಪ್ಪು ತಿಳಿಯುತ್ತಾರೆ ನೋಡಿಕೊಂಡು ಬನ್ನಿ ಅಂತ ಕಳಿಸುತ್ತಿದ್ದರು. ಆಮೇಲೆ ನನಗೂ ಅದು ಸರಿಯಾಗಿ ತಿಳಿದಿರಲಿಲ್ಲ ಅಂತ ಗೊತ್ತಾಯಿತು" ಎಂದರು. ಆ ರಾತ್ರಿ ನನಗೆ ಚೆನ್ನಾಗಿ ನಿದ್ರೆ ಬರಲಿಲ್ಲ. ಬೋಧನೆಯನ್ನು ನಾನು ಕೆಲಸಕ್ಕೆ ಸೇರಿದ ಮೇಲೆ ಕಲಿತೆ. ಅದರ ಬೆಲೆ ತೆತ್ತವರು ಮೊದಲ ನಾಲ್ಕು ತಂಡದ ಹುಡುಗರು. ಅವರಲ್ಲಿ ಕೆಲವರು ಈಗಲೂ ಸಿಕ್ಕಾಗ ಕಾಲಿಗೆ ನಮಸ್ಕಾರ ಮಾಡುತ್ತಾರೆ. ಸಂಕೋಚವಾಗುತ್ತದೆ.

ಆದರೆ ಆ ವ್ಯಾಸಂಗದ ಇನ್ನೊಂದು ಮುಖವನ್ನೂ ಅವರಲ್ಲಿಯೇ ಕಂಡೆ. ಒಂದು ಕಚೇರಿಯಲ್ಲಿ ಗುಮಾಸ್ತರು, "ಬಿ.ಎಸ್ಸಿ. ಸರ್ಟಿಫಿಕೇಟು ಎಲ್ಲಿ, ಬಿ.ಎಡ್.ದು ಎಲ್ಲಿ, ಬೇರೆ ಬೇರೆ ಕೊಡಿ" ಎಂದು ಅವರನ್ನು ಮೂರು ಸಲ ಅಲೆಸಿದರು. ಇದ್ದದ್ದು ಎರಡಕ್ಕೂ ಒಂದೇ ಕಾಗದ. ಸಂಬಳ ನನ್ನಷ್ಟೇ, ಬಡ್ತಿಯ ಸಾಲೂ ನನ್ನದೇ. ಹದಿನೇಳನೆಯ ವಯಸ್ಸಿನಲ್ಲಿ ಜೀವನದ ದಾರಿಯನ್ನು ನಿಶ್ಚಯಿಸಿಬಿಟ್ಟ ಹುಡುಗನಿಗೆ ಆ ನಿಶ್ಚಯಕ್ಕಾಗಿ ಯಾರೂ ಏನೂ ಕೊಡಲಿಲ್ಲ. ರಾಷ್ಟ್ರೀಕರಣದ ನಂತರ ಬ್ಯಾಂಕುಗಳು ಹಳ್ಳಿಹಳ್ಳಿಗೆ ಶಾಖೆ ತೆರೆಯುತ್ತಿದ್ದ ಕಾಲವದು. 1977ರಲ್ಲಿ ಅವರು ಪರೀಕ್ಷೆ ಬರೆದು ಬ್ಯಾಂಕಿಗೆ ಹೋದರು. ಬೀಳ್ಕೊಡುಗೆಯ ದಿನ ನಾನೇ ಭಾಷಣ ಮಾಡಿದೆ. ಹೋಗಬೇಡಿ ಎನ್ನಲು ನನ್ನಲ್ಲಿ ಯಾವ ವಾದವೂ ಇರಲಿಲ್ಲ.

ವಿವಿಧೋದ್ದೇಶ ಶಾಲೆಗಳ ಯೋಜನೆ ಕ್ರಮೇಣ ಸೊರಗಿತು. ಕೆಲವೂರುಗಳಲ್ಲಿ ಹೆಸರು ಮಾತ್ರ ಫಲಕದ ಮೇಲೆ ಬಹುಕಾಲ ಉಳಿಯಿತು. ಅದರೊಡನೆ ಪ್ರಾದೇಶಿಕ ಕಾಲೇಜುಗಳ ತಾಂತ್ರಿಕ, ಕೃಷಿ ವಿಭಾಗಗಳೂ ನಿಂತವು. ವಿಜ್ಞಾನದ ನಾಲ್ಕು ವರ್ಷದ ವ್ಯಾಸಂಗ ಉಳಿದುಕೊಂಡಿತು. 1990ರ ದಶಕದಲ್ಲಿ ಕಾಲೇಜು ಪ್ರಾದೇಶಿಕ ಶಿಕ್ಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ಒಂದು ವರ್ಷದ ಬಿ.ಎಡ್. ಸಾಲದೆಂಬುದು ಎಲ್ಲರಿಗೂ ಅರಿವಾಗಿ, 2014ರ ನಿಯಮಾವಳಿಯ ಪ್ರಕಾರ ಅದು ಎರಡು ವರ್ಷದ್ದಾಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಮುಂದೆ ಹೋಗಿ, 2030ರ ವೇಳೆಗೆ ನಾಲ್ಕು ವರ್ಷದ ಸಮಗ್ರ ಬಿ.ಎಡ್. ಪದವಿಯೇ ಶಿಕ್ಷಕರ ಕನಿಷ್ಠ ಅರ್ಹತೆಯಾಗಬೇಕೆಂದಿತು. 2023–24ರಲ್ಲಿ 57 ಸಂಸ್ಥೆಗಳಲ್ಲಿ ಅದು ಪ್ರಾಯೋಗಿಕವಾಗಿ ಆರಂಭವಾಯಿತು. 1963ರಲ್ಲಿ ನಾಲ್ಕು ಊರುಗಳಲ್ಲಿ ನೆಟ್ಟ ಸಸಿಗೆ ಅರುವತ್ತು ವರ್ಷಗಳ ಮೇಲೆ ನೀರು ಬಂತು ಎನ್ನಬೇಕೇ, ನನಗೆ ಇನ್ನೂ ಅನುಮಾನ.

ಕಳೆದ ವರ್ಷ ನಮ್ಮ ಬೀದಿಯ ಹುಡುಗಿಯೊಬ್ಬಳು ತನ್ನ ತಂದೆಯೊಡನೆ ಸಲಹೆ ಕೇಳಲು ಬಂದಿದ್ದಳು. ಅವಳಿಗೆ ಈ ನಾಲ್ಕು ವರ್ಷದ ವ್ಯಾಸಂಗಕ್ಕೆ ಸೇರುವಾಸೆ. ತಂದೆ ಕುರ್ಚಿಯ ಅಂಚಿನಲ್ಲಿ ಕುಳಿತು, "ಟೀಚರ್ ಆಗೋಕೆ ನಾಲ್ಕು ವರ್ಷ ಯಾಕೆ ಸಾರ್?" ಎಂದರು. ನಾನು ನಕ್ಕೆ, ಯಾಕೆಂದು ಅವರಿಗೆ ತಿಳಿಯಲಿಲ್ಲ. ಬಾಣಲೆಯ ಕಥೆ ಹೇಳಿದೆ, ಬ್ಯಾಂಕಿನ ಕಥೆಯನ್ನೂ ಮುಚ್ಚಿಡಲಿಲ್ಲ. ಆಮೇಲೆ ಹುಡುಗಿಗೆ, ಅರ್ಜಿ ಹಾಕುವ ಮೊದಲು ಆ ಕಾಲೇಜಿನ ಕಾಂಪೌಂಡಿನೊಳಗೆ ಮಕ್ಕಳಿರುವ ಶಾಲೆಯೊಂದು ಇದೆಯೇ ವಿಚಾರಿಸಿಕೊಂಡು ಬಾ ಎಂದೆ. ಅವಳು ಅದನ್ನು ಮೊಬೈಲಿನಲ್ಲಿ ಬರೆದುಕೊಂಡಳು.