ಸೇವಾ ರಿವಾಲ್ವರ್ ಸಂಗ್ರಹ

ಸೇವಾ ರಿವಾಲ್ವರ್ ಸಂಗ್ರಹವೆಂದರೆ ಸೈನ್ಯ ಹಾಗೂ ಪೊಲೀಸ್ ಪಡೆಗಳು ಸಿಬ್ಬಂದಿಗೆ ನೀಡಿ ಅನಂತರ ಕೈಬಿಟ್ಟ ರಿವಾಲ್ವರುಗಳನ್ನು, ಅಂದರೆ ಗುಂಡು ತುಂಬುವ ಸಿಲಿಂಡರ್ ತಿರುಗುವಂಥ ಕೈಬಂದೂಕುಗಳನ್ನು, ಚಾರಿತ್ರಿಕ ವಸ್ತುಗಳೆಂದು ಕೂಡಿಡುವ ಹವ್ಯಾಸ. ಬ್ರಿಟನ್ 1887ರಲ್ಲಿ ಸ್ವೀಕರಿಸಿದ ವೆಬ್ಲಿ, ಅಮೆರಿಕದಲ್ಲಿ 1899ರಲ್ಲಿ ಬಂದ ಸ್ಮಿತ್ ಅಂಡ್ ವೆಸನ್ ಕಂಪನಿಯ ‘ಮಿಲಿಟರಿ ಅಂಡ್ ಪೊಲೀಸ್’ ಮುಖ್ಯ ಮಾದರಿಗಳು. ಎರಡನೆಯದರ ಯುದ್ಧಕಾಲದ ರೂಪವಾದ ‘ವಿಕ್ಟರಿ’ಯನ್ನು ಕ್ರಮಸಂಖ್ಯೆಗೆ ಮೊದಲು ಬರುವ ‘ವಿ’ ಅಕ್ಷರ, ಹಿಡಿಯ ತಳದಲ್ಲಿ ಹಗ್ಗ ಕಟ್ಟುವ ಬಳೆ ಇವುಗಳಿಂದ ಗುರುತಿಸಲಾಗುತ್ತದೆ. ಹೊಸದಾಗಿ ಮೆರುಗು ಕೊಟ್ಟರೆ ಮುದ್ರೆಗಳು ಸವೆದು ಬೆಲೆ ಇಳಿಯುವುದರಿಂದ ಸಂಗ್ರಾಹಕರು ಹಳೆಯ ಕಲೆಗಳನ್ನೇ ಮೆಚ್ಚುತ್ತಾರೆ. ಅಮೆರಿಕದ ಒಕ್ಕೂಟ ಕಾನೂನು 50 ವರ್ಷ ದಾಟಿದ, ಮೂಲರೂಪ ಉಳಿದ ಆಯುಧಗಳನ್ನು ಪ್ರತ್ಯೇಕ ವರ್ಗವಾಗಿಸಿ ಸಂಗ್ರಾಹಕರಿಗೆಂದೇ ಪರವಾನಗಿ ನೀಡುತ್ತದೆ. ಆದರೂ ಕ್ಯಾಲಿಫೋರ್ನಿಯದಲ್ಲಿ ಇವುಗಳನ್ನು ಸಾಮಾನ್ಯವಾಗಿ ಪರವಾನಗಿ ಹೊಂದಿದ ವ್ಯಾಪಾರಿಯ ಮೂಲಕ, 10 ದಿನ ಕಾದ ಬಳಿಕವೇ ಪಡೆಯಬೇಕಾಗುತ್ತದೆ.