ಕೂಸಿನ ಮನೆ

ಕೂಸಿನ ಮನೆಯು ಉದ್ಯೋಗ ಖಾತರಿ ಕೂಲಿಕಾರರ ಚಿಕ್ಕ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ರೂಪಿಸಲಾದ ಶಿಶುಪಾಲನಾ ಕೇಂದ್ರ. 2023-24ನೆಯ ಸಾಲಿನ ರಾಜ್ಯ ಆಯವ್ಯಯದಲ್ಲಿ 4,000 ಪಂಚಾಯಿತಿಗಳಲ್ಲಿ ಇವನ್ನು ತೆರೆಯುವುದಾಗಿ ಘೋಷಿಸಲಾಯಿತು.

ಹಿನ್ನೆಲೆ

2005ರ ಉದ್ಯೋಗ ಖಾತರಿ ಕಾಯ್ದೆಯು ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಭರವಸೆ ನೀಡಿತು. ಚಾಮರಾಜನಗರ ಜಿಲ್ಲೆಗೆ ಇದು 2008ರ ಏಪ್ರಿಲ್‌ನಲ್ಲಿ ವಿಸ್ತರಿಸಿತು. ತಾಯಂದಿರೊಡನೆ ಐದು ಅಥವಾ ಹೆಚ್ಚು ಎಳೆಯ ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಕೂಲಿಕಾರರಲ್ಲೇ ಒಬ್ಬ ಮಹಿಳೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂಬ ನಿಯಮ ಕಾಯ್ದೆಯಲ್ಲಿತ್ತು. ಕೂಸಿನ ಮನೆಯು ಈ ಆರೈಕೆಯನ್ನು ಬಿಸಿಲಿನ ಕಾಮಗಾರಿ ಸ್ಥಳದಿಂದ ಸೂರಿನಡಿಗೆ ತಂದಿತು.

ಚಾಮರಾಜನಗರ ಮತ್ತು ಗುಂಡ್ಲುಪೇಟೆ

ಈ ತಾಲ್ಲೂಕುಗಳಲ್ಲಿ ಬೇಸಾಯವು ಬಹುಮಟ್ಟಿಗೆ ಮಳೆಯಾಶ್ರಿತ. ಹಂಗಾಮು ಮುಗಿದ ಮೇಲೆ ಕೂಲಿಕಾರರು ನೆರೆಯ ಕೇರಳಕ್ಕೂ ಕೊಡಗಿನ ಕಾಫಿ ತೋಟಗಳಿಗೂ ವಲಸೆ ಹೋಗುವುದುಂಟು. ಆದ್ದರಿಂದ ಎಳೆಯ ಮಕ್ಕಳ ತಂದೆತಾಯಿಗಳು ಊರಿನಲ್ಲೇ ಉಳಿಯಬೇಕಾದರೆ ಸಮೀಪದಲ್ಲಿ ಕೆಲಸ, ಮಗುವಿಗೆ ಆಸರೆ ಎರಡೂ ಅಗತ್ಯ.

ಮಿತಿ

2005ರ ಕಾಯ್ದೆಯ 100 ದಿನಗಳು ವ್ಯಕ್ತಿಗಲ್ಲ, ಇಡೀ ಕುಟುಂಬಕ್ಕೆ. ಮಗುವನ್ನು ಕೂಸಿನ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಇಬ್ಬರೂ ದುಡಿದರೆ ಆ ದಿನಗಳು 50 ದಿನಗಳಲ್ಲೇ ಮುಗಿಯುತ್ತವೆ. ಹೀಗಾಗಿ ಶಿಶುಪಾಲನೆಯು ಕೆಲಸಕ್ಕೆ ಹೋಗುವ ದಾರಿಯನ್ನು ಸುಗಮಗೊಳಿಸುತ್ತದೆಯೇ ಹೊರತು ವರ್ಷವಿಡೀ ಸ್ಥಿರ ಉದ್ಯೋಗವನ್ನು ತಾನಾಗಿ ಒದಗಿಸಲಾರದು.