ನಾರಿನ ಮೇಲೆ ನಾರು: ನಮ್ಮ ಸೀಮೆಗೆ ಕೋಕೋಪಿಟ್ ಬಂದ ಕಥೆ

ನಮ್ಮದು ಎರಡು ಭಾಷೆಯ ಸೀಮೆ. ಕೈವಾರದ ತಾತಯ್ಯನವರು ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದ ನೆಲ. ಚಿಂತಾಮಣಿ, ಗೌರಿಬಿದನೂರು ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಹಾಗಾಗಿ 'ನಾರು' ಎಂದರೆ ನಮಗೆ ಎರಡು ಅರ್ಥ. ಕನ್ನಡದಲ್ಲಿ ಅದು ತೆಂಗಿನ ಮಟ್ಟೆಯಿಂದ ತೆಗೆಯುವ ಎಳೆ. ತೆಲುಗಿನಲ್ಲಿ ಮಡಿಯಲ್ಲಿ ಎಬ್ಬಿಸುವ ಸಸಿ.

ಈಗ ನರ್ಸರಿಗೆ ಹೋಗಿ ಟೊಮೆಟೊ ಟ್ರೇಯಿಂದ ಒಂದು ಸಸಿ ಕಿತ್ತು ನೋಡಿ. ಬೇರಿನ ಸುತ್ತ ಅಂಟಿಕೊಂಡಿರುವುದು ಮಣ್ಣಲ್ಲ, ಕಂದು ಬಣ್ಣದ ಹಗುರ ಹುಡಿ. ಅದೇ ಕೋಕೋಪಿಟ್. ತೆಂಗಿನ ನಾರು ತೆಗೆದ ಮೇಲೆ ಉದುರಿದ ಪುಡಿ. ತೆಲುಗಿನ ನಾರು ಕನ್ನಡದ ನಾರಿನ ಪುಡಿಯಲ್ಲಿ ಬೆಳೆಯುತ್ತಿದೆ.

ತೆಲುಗಿನಲ್ಲಿ ಒಂದು ಗಾದೆ ಇದೆ: "ನಾರು ಪೋಸಿನವಾಡು ನೀರು ಪೋಯಡಾ?" ಸಸಿ ಬಿತ್ತಿದವನು ನೀರು ಹಾಕದೆ ಬಿಡುತ್ತಾನೆಯೇ ಎಂದು ಅರ್ಥ. ಹುಟ್ಟಿಸಿದ ದೇವರು ಕೈಬಿಡುವುದಿಲ್ಲ ಎಂದು ಧೈರ್ಯ ಹೇಳುವಾಗ ಬಳಸುವ ಮಾತು. ಬಿತ್ತುವವನೂ ನೀರು ಹಾಕುವವನೂ ಒಬ್ಬನೇ ಎಂಬ ಲೆಕ್ಕದ ಮೇಲೆ ಆ ಗಾದೆ ನಿಂತಿದೆ. ತರಕಾರಿ ಬೆಳೆಯುವ ನಮ್ಮ ಊರುಗಳಲ್ಲಿ ಇವತ್ತು ಅವರಿಬ್ಬರೂ ಬೇರೆ ಬೇರೆ. ಹೀಗೆ ಆದದ್ದು ಹೇಗೆ ಎಂಬುದೇ ಕೋಕೋಪಿಟ್‌ನ ಕಥೆ.

ಬಾವಿ ಪಕ್ಕದ ಮಡಿ

ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಸಸಿ ಎನ್ನುವುದು ಕೊಳ್ಳುವ ವಸ್ತುವಾಗಿರಲಿಲ್ಲ. ಬಾವಿಯ ಹತ್ತಿರ, ನೀರು ಕೈಗೆ ಸಿಗುವ ಕಡೆ ಒಂದು ಮಡಿ. ಕೆಮ್ಮಣ್ಣಿಗೆ ಹಳೆಯ ತಿಪ್ಪೆಗೊಬ್ಬರ ಬೆರೆಸಿ, ಹೆಂಟೆ ಒಡೆದು, ನೆಲದಿಂದ ಒಂದು ಗೇಣು ಎತ್ತರಿಸಿ ಮಾಡಿದ್ದು. ಬೀಜ ಎರಚಿ, ಮೇಲೆ ರಾಗಿ ಹುಲ್ಲು ಮುಚ್ಚಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದರು. ಆ ಕೆಲಸ ಹೆಚ್ಚಾಗಿ ಹೆಂಗಸರದ್ದು. ಬೀಜವೂ ಮನೆಯದೇ, ಹೋದ ಬೆಳೆಯ ಒಳ್ಳೆಯ ಹಣ್ಣಿನಿಂದ ತೆಗೆದು ಬೂದಿಯಲ್ಲಿ ಒಣಗಿಸಿಟ್ಟಿದ್ದು.

ನಷ್ಟವೂ ಇತ್ತು. ಮಳೆ ಹೆಚ್ಚಾದರೆ ಸಸಿಯ ಬುಡ ಕೊಳೆತು ಮಡಿಗೆ ಮಡಿಯೇ ಮಲಗುತ್ತಿತ್ತು. ಮಣ್ಣಿನಲ್ಲಿದ್ದ ಸೊರಗು ರೋಗ, ಬೇರು ಗಂಟು ಕಟ್ಟಿಸುವ ಹುಳು ಸಸಿಯ ಜೊತೆಯಲ್ಲೇ ಹೊಲಕ್ಕೆ ಹೋಗುತ್ತಿದ್ದವು. ಕೀಳುವಾಗ ಬೇರು ಹರಿದು, ನಾಟಿಯಾದ ಮೇಲೆ ನಾಲ್ಕೈದು ದಿನ ಬಾಡಿ ನಿಲ್ಲುತ್ತಿತ್ತು. ಆದರೂ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಬೀಜಕ್ಕೆ ಬೆಲೆ ಇಲ್ಲದಿದ್ದಾಗ ನಾಲ್ಕು ಸಸಿ ಬೇಕಾದಲ್ಲಿ ಹತ್ತು ಬೀಜ ಎರಚಿದರೂ ನಡೆಯುತ್ತಿತ್ತು.

ಬೀಜ ದುಬಾರಿಯಾದ ಮೇಲೆ

ಆ ಲೆಕ್ಕ ಬದಲಾಗಲು ಶುರುವಾದದ್ದು ನಮ್ಮ ಪಕ್ಕದ ಬೆಂಗಳೂರಿನಲ್ಲೇ. ಮನಮೋಹನ ಅತ್ತಾವರ ಅವರು 1965ರಲ್ಲಿ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಂಪನಿ ಶುರು ಮಾಡಿದರು. 1973ರಲ್ಲಿ ಅಲ್ಲಿಂದ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊ, 'ಭಾರತ್' ಎಂಬ ಹೈಬ್ರಿಡ್ ದಪ್ಪ ಮೆಣಸಿನಕಾಯಿ ಹೊರಬಂದವು. ಈ ನಡುವೆ 1967ರಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಆರಂಭವಾಗಿತ್ತು.

ಹೈಬ್ರಿಡ್ ಬಂದ ಮೇಲೆ ಇಳುವರಿ ಏರಿತು, ಆದರೆ ಬೀಜವನ್ನು ಪ್ರತಿ ಬೆಳೆಗೂ ಅಂಗಡಿಯಿಂದಲೇ ತರಬೇಕಾಯಿತು. ಮನೆಯಲ್ಲಿ ಎತ್ತಿಟ್ಟರೆ ಮುಂದಿನ ಬೆಳೆ ಅದೇ ಗುಣ ತೋರುವುದಿಲ್ಲ. ಹಳೆಯ ತಳಿಯ ಟೊಮೆಟೊಗೆ ಹೆಕ್ಟೇರಿಗೆ ಸುಮಾರು 400ರಿಂದ 500 ಗ್ರಾಂ ಬೀಜ ಬೇಕು ಎನ್ನುವುದು ರೂಢಿಯ ಲೆಕ್ಕ. ಹೈಬ್ರಿಡ್‌ಗೆ 100ರಿಂದ 150 ಗ್ರಾಂ ಸಾಕು. 10 ಗ್ರಾಂನ ಪೊಟ್ಟಣದಲ್ಲಿ ಹೆಚ್ಚು ಕಡಿಮೆ 3,000 ಬೀಜ. ಒಂದೊಂದು ಬೀಜಕ್ಕೂ ಕಾಸು ಕೊಟ್ಟ ಮೇಲೆ ಎರಚಿ ಬಿತ್ತುವ ಮಾತಿಲ್ಲ. ಪ್ರತಿ ಬೀಜವೂ ಸಸಿಯಾಗಬೇಕು.

ಇನ್ನೊಂದು ಒತ್ತಡ ರೋಗದ್ದು. ಬಿಳಿ ನೊಣ ಹರಡುವ ಎಲೆ ಮುದುಡು ರೋಗ ಟೊಮೆಟೊ ಬೆಳೆಗಾರರನ್ನು ಹೈರಾಣ ಮಾಡಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಈ ರೋಗ ತಡೆಯುವ ತಳಿಗಳನ್ನು ತಂದಿತು. ಅವುಗಳಲ್ಲಿ ಒಂದಕ್ಕೆ ನಮ್ಮ ಬೆಟ್ಟದ್ದೇ ಹೆಸರು, 'ನಂದಿ'. ಸಸಿ ಎಳೆಯದಿದ್ದಾಗಲೇ ರೋಗ ತಗುಲಿದರೆ ನಷ್ಟ ಹೆಚ್ಚು. ಆದ್ದರಿಂದ ಬಯಲಿನ ಮಡಿ ಬಿಟ್ಟು, ಒತ್ತಾದ ನೈಲಾನ್ ಪರದೆಯೊಳಗೆ ಸಸಿ ಬೆಳೆಸಬೇಕೆಂಬ ಸಲಹೆ ಬಂತು.

ಮೂರನೆಯದು ನೀರು. ನಂದಿ ಬೆಟ್ಟದ ಸಾಲಿನಲ್ಲಿ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ. ಆದರೂ ವರ್ಷವಿಡೀ ಹರಿಯುವ ಒಂದು ನದಿಯೂ ನಮಗಿಲ್ಲ. ಕೆರೆ ಬತ್ತಿತು, ತೆರೆದ ಬಾವಿ ಬತ್ತಿತು, ಕೊಳವೆ ಬಾವಿ ಸಾವಿರ ಅಡಿ ದಾಟಿತು. ಮಡಿಗೆ ನೀರು ಕೊಡುತ್ತಿದ್ದ ಬಾವಿಯೇ ಇಲ್ಲವಾಯಿತು.

ಯಾರಿಗೂ ಬೇಡವಾಗಿದ್ದ ಹುಡಿ

ಇತ್ತ ನಮ್ಮ ಹೊಲಗಳಲ್ಲಿ ಇಷ್ಟೆಲ್ಲ ನಡೆಯುವಾಗ, ಅತ್ತ ತೆಂಗಿನ ಸೀಮೆಯಲ್ಲಿ ಇನ್ನೊಂದು ತಲೆನೋವಿತ್ತು. ತೆಂಗಿನ ಮಟ್ಟೆಯಿಂದ ಒಂದು ಕಿಲೋ ನಾರು ತೆಗೆದರೆ ಸುಮಾರು ಎರಡು ಕಿಲೋ ಪುಡಿ ಉದುರುತ್ತದೆ. ಹಗ್ಗ, ಚಾಪೆ, ಹಾಸಿಗೆಗೆ ಬೇಕಾದದ್ದು ನಾರು. ಪುಡಿ ಯಾರಿಗೂ ಬೇಡ. ಕೇರಳದ ಹಿನ್ನೀರಿನ ದಂಡೆಯಲ್ಲಿ, ಪೊಳ್ಳಾಚಿಯ ಕಾರ್ಖಾನೆಗಳ ಹಿಂದೆ, ತಿಪಟೂರು ಅರಸೀಕೆರೆ ಕಡೆಯ ನಾರಿನ ಘಟಕಗಳ ಬದಿಯಲ್ಲಿ ಅದು ಗುಡ್ಡೆ ಬೀಳುತ್ತಿತ್ತು. ಮಳೆ ಬಂದರೆ ಕಂದು ರಸ ಹರಿಯುತ್ತಿತ್ತು. ಬೆಂಕಿ ತಗುಲಿದರೆ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತಿತ್ತು.

ಅದನ್ನು ಹಾಗೇ ಹೊಲಕ್ಕೆ ಹಾಕುವಂತೆಯೂ ಇರಲಿಲ್ಲ. ಬೇಗ ಕೊಳೆಯದ ಗಟ್ಟಿ ಪದಾರ್ಥ ಅದು. ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ತಾನು ಎಳೆದುಕೊಳ್ಳುತ್ತದೆ. ಇಂಗಾಲ ಮತ್ತು ಸಾರಜನಕದ ಪ್ರಮಾಣ ಅದರಲ್ಲಿ 112ಕ್ಕೆ 1. 1953ರ ಕಾಯ್ದೆಯಂತೆ ಹುಟ್ಟಿದ ಕಾಯರ್ ಬೋರ್ಡ್ ಮತ್ತು ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದಕ್ಕೊಂದು ದಾರಿ ಹುಡುಕಿದವು. ಒಂದು ಟನ್ ಪುಡಿಗೆ 5 ಕಿಲೋ ಯೂರಿಯಾ ಮತ್ತು ಚಿಪ್ಪಣಬೆಯ ಬೀಜ ಪದರ ಪದರವಾಗಿ ಹಾಕಿ ತೇವದಲ್ಲಿಟ್ಟರೆ, ಒಂದೆರಡು ತಿಂಗಳಲ್ಲಿ ಆ ಪ್ರಮಾಣ 24ಕ್ಕೆ 1ರಷ್ಟಾಗಿ ಕಪ್ಪು ಗೊಬ್ಬರ ಸಿಗುತ್ತದೆ. ಕಾಯರ್ ಬೋರ್ಡ್ ಈ ಅಣಬೆ ಮಿಶ್ರಣವನ್ನು 'ಪಿತ್‌ಪ್ಲಸ್' ಎಂಬ ಹೆಸರಿನಲ್ಲಿ ಕೊಡುತ್ತದೆ.

ಹುಡಿಯ ಬೆಲೆ ನಿಜಕ್ಕೂ ಏರಿದ್ದು ಮಾತ್ರ ಹೊರದೇಶದಿಂದ. ಯೂರೋಪಿನ ತೋಟಗಾರರು ಕುಂಡಗಳಿಗೆ 'ಪೀಟ್' ತುಂಬುತ್ತಿದ್ದರು. ಅದು ತಂಪು ದೇಶಗಳ ಜೌಗು ನೆಲದಲ್ಲಿ ಸಾವಿರಾರು ವರ್ಷ ಕೂಡಿಟ್ಟ ಪಾಚಿ ಮಣ್ಣು. ಅಗೆದರೆ ಮತ್ತೆ ತುಂಬುವುದಿಲ್ಲ. ಅದಕ್ಕೆ ಬದಲಿ ಹುಡುಕುವಾಗ ಕಣ್ಣಿಗೆ ಬಿದ್ದದ್ದು ತೆಂಗಿನ ಹುಡಿ. 'ಕೋಕೋಪಿಟ್' ಎನ್ನುವಾಗ ನಾವು ಹೇಳುತ್ತಿರುವುದು ತೆಂಗಿನ ಪೀಟ್ ಎಂದೇ. ಇವತ್ತು ಭಾರತದ ತೆಂಗಿನ ನಾರಿನ ಉತ್ಪನ್ನಗಳ ರಫ್ತಿನಲ್ಲಿ ಮೊದಲ ಸ್ಥಾನ ಹಗ್ಗದ್ದೂ ಅಲ್ಲ, ಚಾಪೆಯದ್ದೂ ಅಲ್ಲ. ಗುಡ್ಡೆ ಬಿದ್ದಿದ್ದ ಈ ಹುಡಿಯದ್ದು.

ಟ್ರೇ ಮತ್ತು ಹುಡಿ ಸೇರಿದಾಗ

ಗುಣಿಗಳಿರುವ ಟ್ರೇಯಲ್ಲಿ ಸಸಿ ಬೆಳೆಸುವ ಪದ್ಧತಿ ಹೊರದೇಶದಿಂದ ಬಂದದ್ದು. ಆ ಸಣ್ಣ ಗುಣಿಗೆ ಮಣ್ಣು ತುಂಬಿದರೆ ಗಟ್ಟಿಯಾಗಿ ಬೇರಿಗೆ ಗಾಳಿ ಸಿಗುವುದಿಲ್ಲ, ತೂಕವೂ ಹೆಚ್ಚು. ಕೋಕೋಪಿಟ್ ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುತ್ತದೆ, ಆದರೂ ಒಳಗೆ ಗಾಳಿ ಆಡುತ್ತದೆ. ಮಣ್ಣಿನ ರೋಗ ಅದರಲ್ಲಿಲ್ಲ. ಸಸಿ ಎಳೆದರೆ ಬೇರು ಹರಿಯದೆ ಗಡ್ಡೆಯಂತೆ ಪೂರ್ತಿ ಬರುತ್ತದೆ. ನಾಟಿಯಾದ ಮರುದಿನವೇ ತಲೆ ಎತ್ತುತ್ತದೆ.

ಹೆಸರಘಟ್ಟದ ಸಂಸ್ಥೆ ಈ ಪದ್ಧತಿಯನ್ನು ರೈತರಿಗೆ ಕಲಿಸಿತು. 98 ಗುಣಿಯ ಟ್ರೇಗೆ ಸುಮಾರು ಒಂದೂಕಾಲು ಕಿಲೋ ಕೋಕೋಪಿಟ್, ಗುಣಿಗೊಂದು ಬೀಜ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಕೆಲವೇ ದಿನಗಳಲ್ಲಿ ಮೊಳಕೆ. ಆಮೇಲೆ ನೆರಳು ಪರದೆಯ ಕೆಳಗೆ. ಟೊಮೆಟೊಗೆ ಸುಮಾರು 25 ದಿನ, ಕ್ಯಾಪ್ಸಿಕಂಗೆ ಇನ್ನೂ ಒಂದೆರಡು ವಾರ ಹೆಚ್ಚು. ಎಕರೆಗೆ 7,000 ಸಸಿ ಎಂದರೆ 70ರ ಮೇಲೆ ಒಂದೆರಡು ಟ್ರೇ, 90 ಕಿಲೋ ಕೋಕೋಪಿಟ್. ಒಂದು ಕೋಣೆಯಷ್ಟು ಜಾಗದಲ್ಲಿ ಒಂದೆರಡು ಎಕರೆಯ ಸಸಿ ಹಿಡಿಯುತ್ತದೆ.

2005-06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಶುರುವಾಗಿ ನೆರಳು ಪರದೆ, ಪಾಲಿಹೌಸ್‌ಗೆ ಸಹಾಯಧನ ಸಿಗತೊಡಗಿತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಸೇವಂತಿಗೆ, ಪಾಲಿಹೌಸ್‌ನ ಕ್ಯಾಪ್ಸಿಕಂ, ಕೋಸು ಎಲ್ಲಕ್ಕೂ ಟ್ರೇ ಸಸಿಯೇ ರೂಢಿಯಾಯಿತು. ಬೆಂಗಳೂರಿನ ತಾರಸಿ ಕುಂಡಗಳಿಗೂ ಇದೇ ಹುಡಿ ಹೋಯಿತು. ಶಿಡ್ಲಘಟ್ಟದ ಹಿಪ್ಪುನೇರಳೆ ಕಡ್ಡಿಯಿಂದ ಬೆಳೆಯುವುದಾದ್ದರಿಂದ ಅದರ ಸಸಿ ಬಹುಪಾಲು ಮಣ್ಣಿನಲ್ಲೇ ಉಳಿಯಿತು.

ಮನೆಯ ಮಡಿ ಹೋಯಿತು, ರಸ್ತೆ ಬದಿಯ ನರ್ಸರಿ ಬಂತು. ರೈತ ಬೀಜದ ಪೊಟ್ಟಣ ಕೊಟ್ಟು ಬರುತ್ತಾನೆ, ಇಲ್ಲವೇ ಸಸಿಗಿಷ್ಟು ಎಂದು ಮುಂಗಡ ಕಟ್ಟುತ್ತಾನೆ. ಮಡಿಗೆ ನೀರು ಚಿಮುಕಿಸುತ್ತಿದ್ದ ಹೆಂಗಸರಲ್ಲಿ ಎಷ್ಟೋ ಮಂದಿ ಈಗ ನರ್ಸರಿಯಲ್ಲಿ ಕೂಲಿಗೆ ಟ್ರೇ ತುಂಬುತ್ತಾರೆ. ಕೈ ಅದೇ, ಕೆಲಸ ಅದೇ, ಸಸಿ ಮಾತ್ರ ಬೇರೆಯವರದ್ದು.

ಉಪ್ಪಿನ ಲೆಕ್ಕ, ನೀರಿನ ಲೆಕ್ಕ

ಕೋಕೋಪಿಟ್‌ನಲ್ಲಿ ಸಸಿಗೆ ಬೇಕಾದ ಆಹಾರ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪು ಮಾತ್ರ ಇರುತ್ತದೆ. ಮಟ್ಟೆಯಲ್ಲಿ ಪೊಟ್ಯಾಶಿಯಂ, ಸೋಡಿಯಂ, ಕ್ಲೋರೈಡ್ ಸಹಜವಾಗಿಯೇ ಇವೆ. ಉಪ್ಪು ನೀರಿನಲ್ಲಿ ನೆನೆಹಾಕಿದ ಮಟ್ಟೆಯಾದರೆ ಇನ್ನೂ ಹೆಚ್ಚು. ತೊಳೆಯದ ಹುಡಿಯಲ್ಲಿ ಬಿತ್ತಿದರೆ ಎಲೆಯ ಅಂಚು ಸುಡುತ್ತದೆ, ಬೇರು ಕಂದುತ್ತದೆ. ಆದ್ದರಿಂದ ಒಳ್ಳೆಯ ಕೋಕೋಪಿಟ್ ಎಂದರೆ ಸಿಹಿ ನೀರಿನಲ್ಲಿ ತೊಳೆದದ್ದು. ಚೀಲದ ಮೇಲೆ 'ಇ.ಸಿ.' ಎಂದು ಬರೆದಿರುತ್ತದೆ. ಅದು ಉಪ್ಪಿನ ಅಳತೆ. 1ಕ್ಕಿಂತ ಕಡಿಮೆ ಇರಬೇಕು, ಸಸಿಗೆ 0.5ರ ಒಳಗಿದ್ದರೆ ಇನ್ನೂ ಒಳ್ಳೆಯದು.

ತೊಳೆಯುವ ನೀರು ಯಾರದ್ದು? ನಮಗೆ ಬರುವ ಹುಡಿಯ ದೊಡ್ಡ ಕೇಂದ್ರ ಪೊಳ್ಳಾಚಿ. ಹುಡಿ ತೊಳೆದ ಕಂದು ನೀರು ಅಂತರ್ಜಲಕ್ಕೆ ಇಳಿಯುತ್ತಿದೆ ಎಂದು ಅಲ್ಲಿನ ರೈತರು ದೂರುತ್ತ ಬಂದಿದ್ದಾರೆ. ನಮ್ಮ ಕೊಳವೆ ಬಾವಿಯ 25 ದಿನದ ನೀರು ಉಳಿಯಿತು ಎಂದು ನಾವು ಲೆಕ್ಕ ಹಾಕುವಾಗ, ಇನ್ನೊಬ್ಬರ ಬಾವಿಯ ಲೆಕ್ಕವೂ ಅದರಲ್ಲಿದೆ. ನೀರಿಗಾಗಿ ಹೋರಾಡಿದ ಜಿಲ್ಲೆಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. ತೊಳೆಯುವುದರ ಜೊತೆಗೆ ಸೂಕ್ಷ್ಮಾಣುಗಳಿಂದ ಕಳಿಸುವ ದಾರಿಯೂ ಇದೆ. ಹೆಸರಘಟ್ಟದ ಸಂಸ್ಥೆ 'ಅರ್ಕಾ ಫರ್ಮೆಂಟೆಡ್ ಕೋಕೋಪಿಟ್' ಎಂಬ ತಂತ್ರವನ್ನು ಕೊಟ್ಟಿದೆ. ತಿಪಟೂರು, ಅರಸೀಕೆರೆಯ ಹುಡಿ ನಮಗೆ ಪೊಳ್ಳಾಚಿಗಿಂತ ಹತ್ತಿರ. ಅದನ್ನು ಇಲ್ಲೇ ಕಳಿಸಿ ಬಳಸುವ ರೈತ ಗುಂಪು ಪ್ರತಿ ತಾಲ್ಲೂಕಿನಲ್ಲಿ ಒಂದಾದರೂ ಏಕಾಗಬಾರದು?

ಸಸಿ ಕೆಟ್ಟರೆ

ಮನೆಯ ಮಡಿಯಲ್ಲಿ ಸಸಿ ಕೆಟ್ಟರೆ ಮತ್ತೆ ಬಿತ್ತುತ್ತಿದ್ದರು. ನರ್ಸರಿಯ ಸಸಿ ಕೆಟ್ಟದ್ದು ಗೊತ್ತಾಗುವುದು ಎರಡು ತಿಂಗಳ ಮೇಲೆ, ಕಾಯಿ ಕಟ್ಟುವ ಹೊತ್ತಿಗೆ. ಅಷ್ಟರಲ್ಲಿ ಡ್ರಿಪ್, ಮಲ್ಚಿಂಗ್, ಕೋಲು, ದಾರ, ಗೊಬ್ಬರ ಎಲ್ಲಕ್ಕೂ ಸಾಲ ಆಗಿರುತ್ತದೆ. ಕೇಳಿದ ತಳಿ ಬೇರೆ, ಕೊಟ್ಟದ್ದು ಬೇರೆ ಎಂಬ ಜಗಳ ನಮ್ಮ ಊರುಗಳಲ್ಲಿ ಹೊಸದಲ್ಲ. ಬೀಜದವರು ನರ್ಸರಿಯತ್ತ, ನರ್ಸರಿಯವರು ಬೀಜದವರತ್ತ ಕೈ ತೋರಿಸುತ್ತಾರೆ. ರೈತನ ಕೈಯಲ್ಲಿ ಬಿಲ್ಲೇ ಇರುವುದಿಲ್ಲ.

ಇಲ್ಲಿ ಎರಡು ವಿಷಯ ನೆನಪಿರಲಿ. 1966ರ ಬೀಜ ಕಾಯ್ದೆಯಲ್ಲಿ 'ಬೀಜ' ಎಂಬ ಮಾತಿನೊಳಗೆ ಆಹಾರ ಬೆಳೆಯ ಸಸಿಯೂ ಸೇರಿದೆ. ಮತ್ತು 2012ರಲ್ಲಿ ಸುಪ್ರೀಂ ಕೋರ್ಟ್, ಆಂಧ್ರದ ರೈತರ ಪ್ರಕರಣದಲ್ಲಿ, ಬೀಜ ಕೊಂಡ ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗಬಹುದು ಎಂದು ಹೇಳಿದೆ. ಆದರೆ ಅಲ್ಲಿಗೆ ಹೋಗಲು ಕಾಗದ ಬೇಕು. ತಳಿಯ ಹೆಸರು, ಲಾಟ್ ನಂಬರ್, ಸಸಿಯ ಸಂಖ್ಯೆ, ತಾರೀಕು ಇರುವ ಬಿಲ್ ಕೇಳಿ ಪಡೆಯಿರಿ. ಖಾಲಿ ಪೊಟ್ಟಣ ಬಿಸಾಡಬೇಡಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಸಸಿ ಇಳಿಸಿಕೊಳ್ಳುವ ಮೊದಲು ನಾಲ್ಕಾರು ಕಡೆ ಕಿತ್ತು ನೋಡಿ. ಬೇರು ಬೆಳ್ಳಗಿರಬೇಕು, ಗಂಟಿರಬಾರದು, ಎಲೆ ಮುದುಡಿರಬಾರದು.

ಅರ್ಧ ಎಕರೆ ಬೆಳೆಯುವವರು ಸಸಿಯನ್ನು ಮನೆಯಲ್ಲೇ ಬೆಳೆಸಲೂ ಬಹುದು. 36 ಟ್ರೇ, 5 ಕಿಲೋದ ಕೋಕೋಪಿಟ್ ಇಟ್ಟಿಗೆ ಒಂಬತ್ತು, ಸ್ವಲ್ಪ ಎರೆಗೊಬ್ಬರ, ನಾಲ್ಕು ಗೂಟ, ಒಂದು ನೈಲಾನ್ ಪರದೆ. ಇಟ್ಟಿಗೆ ನೆನೆಸಿ, ಹಿಂಡಿ, ಕಂದು ರಸ ತೆಳುವಾಗುವವರೆಗೆ ತೊಳೆದು ತುಂಬಿ. ತೊಳೆದ ನೀರನ್ನು ಬಾವಿಯ ಹತ್ತಿರ ಚೆಲ್ಲಬೇಡಿ. ಗೊತ್ತಾಗದಿದ್ದರೆ ಚಿಂತಾಮಣಿಯ ಕುರುಬೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದು ಟ್ರೇ ತೋರಿಸಿ. ಸಸಿಗೆ ಎಷ್ಟು ನೀರು, ಯಾವ ಹೊತ್ತಿನಲ್ಲಿ ಎಂಬುದು ಮಣ್ಣಿನ ಮಡಿ ಕಂಡ ಅವರ ಕೈಗೆ ಇನ್ನೂ ಗೊತ್ತಿದೆ.